ಐಸಕ್ಕನ ಇಪ್ಪತ್ತು ಎಣಿಕೆ

ಬಂದರಿನ ಐಸ್ ಫ್ಯಾಕ್ಟರಿಯಲ್ಲಿ ದಿನ ಶುರುವಾಗುವುದು ಯಂತ್ರ ನೋಡಿಕೊಳ್ಳುವ ಐಸಕ್ಕನ ನಾಲಿಗೆಯಿಂದ. ಬೈಗುಳದಿಂದಲ್ಲ, ಅದು ಆಮೇಲೆ. ಮೊದಲು ಅವಳು ಆಗಷ್ಟೇ ತೆಗೆದ ಐಸ್ ಗಡ್ಡೆಯ ಮೂಲೆ ಒಡೆದು ಬಾಯಿಗೆ ಹಾಕಿಕೊಳ್ಳುತ್ತಾಳೆ. ಸಿಹಿನೀರು ತುಂಬಿದ ಉದ್ದನೆಯ ತಗಡಿನ ಡಬ್ಬಗಳನ್ನು ಕೊರೆಯುವ ಉಪ್ಪುನೀರಿನ ತೊಟ್ಟಿಯಲ್ಲಿ ಇಳಿಬಿಟ್ಟು ಐಸು ಕಟ್ಟಿಸುವುದು ಅಲ್ಲಿಯ ಕೆಲಸ. ಐಸು ಉಪ್ಪಾಯಿತೆಂದರೆ ಡಬ್ಬ ತೂತಾಗಿದೆ ಎಂದರ್ಥ. ಅಪ್ಪ ಕಲಿಸಿದ ಈ ಪರೀಕ್ಷೆಯನ್ನು ಅವಳು ಇಪ್ಪತ್ತೆರಡು ವರ್ಷದಲ್ಲಿ ಒಂದು ದಿನವೂ ತಪ್ಪಿಸಿಲ್ಲ, ಹಲ್ಲುನೋವಿದ್ದಾಗಲೂ.

ಆ ಬೇಸಿಗೆಯಲ್ಲಿ ಅವಳಿಗೆ ಅತ್ತ ದರಿ, ಇತ್ತ ಪುಲಿ. ಎರಡು ವರ್ಷ ಮಳೆ ಕೈಕೊಟ್ಟು ಊರ ಕೆರೆ ತಳ ಕಂಡಿತ್ತು. ಸೆಕೆ ಏರಿದಷ್ಟೂ ಮೀನಿಗೆ ಐಸು ಹೆಚ್ಚು ಬೇಕು, ಐಸಿಗೆ ಕರೆಂಟು ಹೆಚ್ಚು ಬೇಕು, ಬಿಡುವಿಲ್ಲದೆ ಓಡುವ ಯಂತ್ರವನ್ನು ತಣಿಸಲು ನೀರು ಇನ್ನೂ ಹೆಚ್ಚು ಬೇಕು. ಬೀದಿಯ ನಲ್ಲಿಗೂ ಫ್ಯಾಕ್ಟರಿಗೂ ಬರುವುದು ಒಂದೇ ಪೈಪಿನ ನೀರು. ಫ್ಯಾಕ್ಟರಿಗೆ ನೀರು ಬಿಡುವ ವಾಲ್ವ್ ತಿರುಗಿಸುವ ಮೊಳದುದ್ದದ ಕಬ್ಬಿಣದ ಚಾವಿ ಐಸಕ್ಕನ ಕೋಣೆಯ ಮೊಳೆಯಲ್ಲಿ ನೇತಾಡುತ್ತಿತ್ತು. ಬೀದಿಯ ನಲ್ಲಿಯಲ್ಲೋ ದಿನಕ್ಕೆ ಅರ್ಧ ಗಂಟೆ ಮಾತ್ರ ನೀರು. ಕೊನೆಗೊಂದು ದಿನ ಬೀದಿಯ ಹೆಂಗಸರು ಖಾಲಿ ಕೊಡ ಹಿಡಿದು ಗೇಟಿಗೇ ಬಂದರು. ಎಲ್ಲರಿಗಿಂತ ಮುಂದೆ ನಿಂತವಳು ಐಸಕ್ಕನ ಸ್ವಂತ ಅಣ್ಣನ ಹೆಂಡತಿ, ಇದೇ ಐಸಿನ ಮೇಲೆ ಮೀನಿಟ್ಟು ಮಾರುವವಳು.

"ಅತ್ತಿಗೆ, ಐಸಿಲ್ದಿದ್ರೆ ಮಧ್ಯಾಹ್ನದೊಳಗೆ ನಿಮ್ಮ ಬುಟ್ಟೀನೇ ನಾರುತ್ತಲ್ಲಾ?" ಎಂದಳು ಐಸಕ್ಕ.

"ನಾರಲಿ ಬಿಡು. ಸತ್ತ ಮೀನಿಗೆ ನೀರು ಕೊಡ್ತೀಯ, ಬದುಕಿರೋ ಮಕ್ಕಳಿಗೆ ಬೇಡ್ವಾ?"

ಮರುದಿನ ನೀರು ಸರಬರಾಜಿನ ಅಧಿಕಾರಿ ಬಂದು ಗಡುವು ಕೊಟ್ಟರು: ಹದಿನೈದು ದಿನದಲ್ಲಿ ಫ್ಯಾಕ್ಟರಿಯ ನೀರು ಅರ್ಧಕ್ಕಿಳಿಯಬೇಕು, ಇಲ್ಲದಿದ್ದರೆ ಪೈಪು ಕಡಿತ. ಫ್ಯಾಕ್ಟರಿಯ ಸಾಹುಕಾರರು ತಲೆಯ ಮೇಲೆ ಕೈ ಹೊತ್ತು ಕುಳಿತರು. ಮುಚ್ಚಿದರೆ ಹದಿನೆಂಟು ಮನೆಗಳ ಒಲೆ ಆರುತ್ತದೆ, ಹಿಡಿದ ಮೀನು ದಡದಲ್ಲೇ ಕೊಳೆಯುತ್ತದೆ. ಹೀಗೇ ನಡೆಸಿದರೆ ಬೀದಿಯ ಗಂಟಲು ಒಣಗುತ್ತದೆ.

"ಎರಡೂ ಆಗ್ಬಾರ್ದು. ನಾನು ನೋಡ್ತೀನಿ," ಎಂದಳು ಐಸಕ್ಕ. ಹೇಗೆ ಎಂದು ಅವಳಿಗೂ ಗೊತ್ತಿರಲಿಲ್ಲ.

ಮೂರು ದಿನ ಯಂತ್ರದ ಸುತ್ತ ಸುತ್ತಿದಳು. ಯಂತ್ರ ತಣಿಸಿ ತಾನು ಬಿಸಿಯಾದ ನೀರು ಒಂದು ಪೈಪಿನಿಂದ ಚರಂಡಿಗೆ ಬೀಳುತ್ತಿತ್ತು. ಪಕ್ಕದಲ್ಲೇ ಇನ್ನೊಂದು ತೊಟ್ಟಿ. ಐಸು ಸಡಿಲಾಗಲೆಂದು ಡಬ್ಬಗಳನ್ನು ಅದರ ನೀರಿನಲ್ಲಿ ಅದ್ದುತ್ತಾರೆ. ಐಸಿನಿಂದ ತಣ್ಣಗಾದ ಆ ನೀರೂ ಅದೇ ಚರಂಡಿಗೆ. ನಾಲ್ಕನೆಯ ದಿನ ಅವಳು ಹಣೆ ಚಚ್ಚಿಕೊಂಡಳು. "ಥೂ, ನನ್ನ ಬುದ್ಧಿಗಿಷ್ಟು! ತಣ್ಣೀರು ಬೇಕಾದವನು ಬಿಸಿನೀರು ಚೆಲ್ತಿದಾನೆ, ಬಿಸಿನೀರು ಬೇಕಾದವನು ತಣ್ಣೀರು ಚೆಲ್ತಿದಾನೆ. ಇಬ್ಬರನ್ನೂ ಬೀಗರು ಮಾಡಿದ್ರೆ ಮುಗೀತಲ್ಲ!"

ಹಳೆಯ ಪೈಪುಗಳನ್ನು ಜೋಡಿಸಿ ಅದೇ ನೀರು ಯಂತ್ರಕ್ಕೂ ತೊಟ್ಟಿಗೂ ಸುತ್ತುವಂತೆ ಮಾಡಿದಳು. ಐಸು ಬೇಗ ಸಡಿಲಾಯಿತು, ಯಂತ್ರದ ಏದುಸಿರು ಇಳಿಯಿತು, ಕರೆಂಟಿನ ಮೀಟರೂ ನಿಧಾನವಾಯಿತು. ಐಸಕ್ಕ ಆ ವಾರ ಯಾರನ್ನೂ ಬೈಯಲಿಲ್ಲ, ಜನಕ್ಕೆ ಗಾಬರಿಯಾಯಿತು.

ಒಂಬತ್ತನೆಯ ದಿನ ಪೈಪಿನ ಕೀಲುಗಳಲ್ಲಿ ಬಿಳಿಯ ಹೊಪ್ಪಳೆ ಕಂಡಿತು, ಅದರಡಿ ತುಕ್ಕು. ಅವಳು ಐಸು ಸಡಿಲಿಸುವ ತೊಟ್ಟಿಗೆ ಬೆರಳದ್ದಿ ನೆಕ್ಕಿದಳು. ಉಪ್ಪು! ಉಪ್ಪುನೀರಿನಿಂದ ಮೇಲೆತ್ತಿದ ಡಬ್ಬಗಳು ಮೈಯಿಂದ ಅದನ್ನೇ ಸುರಿಸಿಕೊಂಡು ಈ ತೊಟ್ಟಿಗಿಳಿಯುತ್ತಿದ್ದವು. ಹಿಂದೆಲ್ಲ ಆ ಉಪ್ಪು ನೀರಿನ ಜೊತೆ ಚರಂಡಿಗೆ ಹೋಗುತ್ತಿತ್ತು. ಈಗ ಸುತ್ತಿ ಸುತ್ತಿ ಯಂತ್ರವನ್ನೇ ತಿನ್ನುತ್ತಿತ್ತು. ದಿನವೂ ಐಸಿನ ಮೂಲೆ ನೆಕ್ಕಿದವಳು ತೊಟ್ಟಿಯನ್ನು ಒಮ್ಮೆಯೂ ನೆಕ್ಕಿರಲಿಲ್ಲ. ದೀಪದ ಬುಡದಲ್ಲೇ ಕತ್ತಲೆ. ಇಡೀ ತೊಟ್ಟಿಯ ನೀರನ್ನು ಚರಂಡಿಗೆ ಬಿಡಬೇಕಾಯಿತು. ಗೇಟಿನಾಚೆ ಕೊಡಗಳ ಸಾಲು ಅದನ್ನು ನೋಡುತ್ತಿತ್ತು. ಐಸಕ್ಕನಿಗೆ ಅಳು ಬಂತು, ಅತ್ತಳು. ಮುಖ ಒರೆಸಿಕೊಂಡು ನೇರ ಡಬ್ಬ ಎತ್ತಿಳಿಸುವ ಕ್ರೇನ್ ನಡೆಸುವವನ ಬಳಿ ಬಂದಳು.

"ಇನ್ಮೇಲೆ ಡಬ್ಬ ಎತ್ತಿದ ಕೂಡ್ಲೆ ಉಪ್ಪುನೀರಿನ ಮೇಲೇ ನಿಲ್ಸು. ಇಪ್ಪತ್ತು ಎಣಿಸಿ, ಎಲ್ಲ ಸೋರಿದ ಮೇಲೆ ಈಚೆ ತಗೊಂಡ್ಬಾ."

"ಅಕ್ಕಾ, ಪ್ರತಿ ಸಲ ಇಪ್ಪತ್ತು ಎಣಿಸ್ತಾ ನಿಂತ್ರೆ ಮೀನು ಎದ್ದು ಸಮುದ್ರಕ್ಕೆ ವಾಪಸ್ ಹೋಗುತ್ತೆ!"

"ಹೋದ್ರೆ ಹೋಗ್ಲಿ, ಅಲ್ಲಾದ್ರೂ ನೀರಿದೆ. ನೀನು ಎಣಿಸು. ಬಾಯಿಬಿಟ್ಟು ಎಣಿಸು, ನನಗೆ ಕೇಳ್ಬೇಕು."

ಅವನು ಮೊದಲ ದಿನ ಗೊಣಗುತ್ತ ಎಣಿಸಿದ, ಎರಡನೆಯ ದಿನ ರಾಗವಾಗಿ. ಅವಳು ಗಂಟೆಗೊಮ್ಮೆ ತೊಟ್ಟಿಯ ನೀರು ನೆಕ್ಕಿದಳು. ನಾಲಿಗೆಗೆ ಉಪ್ಪು ಹತ್ತಲಿಲ್ಲ.

ಹದಿನೈದನೆಯ ದಿನ ಅಧಿಕಾರಿ ನೀರಿನ ಮೀಟರನ್ನು ಎರಡೆರಡು ಸಲ ನೋಡಿದರು. ಅರ್ಧಕ್ಕಿಂತಲೂ ಕಡಿಮೆ. ಅವರ ಜೀಪು ಗೇಟು ದಾಟಿತೋ ಇಲ್ಲವೋ, ಸಾಹುಕಾರರು ಕೈ ಉಜ್ಜಿಕೊಂಡು ಬಂದರು. "ಭೇಷ್ ಕಣಮ್ಮಾ! ನೋಡೋರು ನೋಡ್ಕೊಂಡು ಹೋದ್ರಲ್ಲ, ಅರ್ಧ ಮುಚ್ಚಿರೋ ವಾಲ್ವ್ ಇನ್ನು ಪೂರ್ತಿ ತೆಗಿ. ಉಳಿದ ನೀರಲ್ಲಿ ಇನ್ನೂ ನೂರು ಡಬ್ಬ ತುಂಬೋಣ. ಈ ಸೆಕೇಲಿ ಎಷ್ಟು ಐಸಿದ್ರೂ ಸಾಲ್ದು."

ಐಸಕ್ಕ ಗೋಡೆಯ ಕಡೆ ಕೈ ತೋರಿಸಿದಳು. ಮೊಳೆ ಖಾಲಿಯಿತ್ತು.

"ಚಾವಿ ಎಲ್ಲಮ್ಮಾ?"

"ಅತ್ತಿಗೆ ಹತ್ರ ಇದೆ. ಬೆಳಿಗ್ಗೇನೇ ಕೊಟ್ಬಂದೆ."

"ಫ್ಯಾಕ್ಟರಿ ಚಾವಿ ಮೀನು ಮಾರೋಳ ಕೈಲಾ?"

"ಹೂಂ, ಸಾಹುಕಾರ್ರೇ. ಉಳಿದಿದ್ದು ಅವರ ನೀರು, ಚಾವೀನೂ ಅವರ ಹತ್ರಾನೇ ಇರ್ಲಿ. ಬೇಕೇ ಬೇಕು ಅಂದ್ರೆ ಹೋಗಿ ಕೇಳಿ, ಕೊಟ್ರೂ ಕೊಟ್ಟಾರು. ನಲ್ಲಿ ಹತ್ರ ಸಾಲಿದೆ. ಕೊನೇಲಿ ನಿಂತ್ಕೋಬೇಕು, ಅಷ್ಟೇ."

ಸಾಹುಕಾರರು ಕಿಟಕಿಯಿಂದ ನೋಡಿದರು. ನಲ್ಲಿಗೆ ನೀರು ಬಂದು ಆಗಲೇ ಒಂದು ಗಂಟೆಯಾಗಿತ್ತು, ಇನ್ನೂ ನಿಂತಿರಲಿಲ್ಲ. ಅವರು ಬಾಗಿಲವರೆಗೆ ಹೋದರು, ಸಾಲಿನ ತುದಿ ಎಲ್ಲಿದೆಯೆಂದು ಇಣುಕಿದರು, ತಿರುಗಿ ಬಂದು ಕುರ್ಚಿಯಲ್ಲಿ ಕುಳಿತರು. ಒಳಗೆ ಕ್ರೇನಿನವನು ಹದಿಮೂರು, ಹದಿನಾಲ್ಕು ಎಂದು ಎಣಿಸುತ್ತಿದ್ದ.