ಎಡಗೈ ಎಂದು ಹೇಳಿದ ಸಾಕ್ಷಿ

ಜರ್ಮನಿಯ ಯೇನಾ ಊರಿನಲ್ಲಿದ್ದಾಗ ನಾನು ಪ್ರತಿ ಬುಧವಾರ ಸಂಜೆ ಜರ್ಮನ್ನರಿಗೆ ಬ್ರಿಟನ್ನಿನ ಬಗ್ಗೆ ಪಾಠ ಹೇಳುತ್ತಿದ್ದೆ. ಬ್ರಿಟನ್ನಿಗೆ ಆ ತನಕ ಒಮ್ಮೆಯೂ ಕಾಲಿಟ್ಟವನಲ್ಲ. ಜರ್ಮನಿಯವರು ಆಗ ಕಂಪ್ಯೂಟರ್ ಕೆಲಸದವರಿಗೆ ಕೊಡುತ್ತಿದ್ದ ಗ್ರೀನ್ ಕಾರ್ಡ್ ಸಿಕ್ಕಿತೆಂದು ಉಡುಪಿಯಿಂದ ಹೊರಟು ನೇರ ಜರ್ಮನಿಯಲ್ಲಿ ಇಳಿದ ಸಾಫ್ಟ್‌ವೇರ್ ಎಂಜಿನಿಯರ್. ಊರಿನ ವಯಸ್ಕರ ಶಿಕ್ಷಣ ಕೇಂದ್ರದಲ್ಲಿ ಇಂಗ್ಲಿಷ್ ಸಂಭಾಷಣೆಯ ಗುಂಪೊಂದಿತ್ತು, ನಡೆಸುತ್ತಿದ್ದವರು ಬಿಟ್ಟುಹೋಗಿದ್ದರು. ಇಂಡಿಯಾದವನಲ್ಲವೇ, ಇಂಗ್ಲಿಷ್ ಬಂದೇ ಬರುತ್ತದೆ ಎಂದು ಆಫೀಸಿನ ಸಹೋದ್ಯೋಗಿಯೊಬ್ಬ ನನ್ನ ಹೆಸರು ಕೊಟ್ಟ.

ಗುಂಪಿನಲ್ಲಿ ಎಂಟು ಜನ. ಎಲ್ಲರೂ ಪೂರ್ವ ಜರ್ಮನಿಯ ಕಾಲದಲ್ಲಿ ಶಾಲೆಗೆ ಹೋದವರು, ಇಂಗ್ಲಿಷಿನ ಬದಲು ರಷ್ಯನ್ ಕಲಿತವರು. ಒಬ್ಬರಂತೂ ಮೂವತ್ತು ವರ್ಷ ರಷ್ಯನ್ ಕಲಿಸಿದ್ದ ಮೇಷ್ಟ್ರು. ಬರ್ಲಿನ್ ಗೋಡೆ ಬಿದ್ದ ಮೇಲೆ ತಮ್ಮ ಪಾಠ ಯಾರಿಗೂ ಬೇಡವಾಯಿತೆಂದು ನಗುತ್ತ ಹೇಳುತ್ತಿದ್ದರು. ಇನ್ನೊಬ್ಬರು ಕಾರ್ಖಾನೆಯಲ್ಲಿ ಮೂವತ್ತೆಂಟು ವರ್ಷ ಲೆನ್ಸ್ ಉಜ್ಜಿದ ಹೆಂಗಸು. ಮನಸ್ಸಿನಲ್ಲೇ ಅವರಿಗೆ ಲೆನ್ಸಮ್ಮ ಎಂದು ಹೆಸರಿಟ್ಟಿದ್ದೆ. ರೈಲ್ವೆ ನಿಲ್ದಾಣದ ಅಂಗಡಿಗೆ ಒಂದು ದಿನ ತಡವಾಗಿ ಬರುತ್ತಿದ್ದ ಬ್ರಿಟಿಷ್ ಪತ್ರಿಕೆಗಳಿಂದ ಸುದ್ದಿ ಕತ್ತರಿಸಿಕೊಂಡು ಹೋಗುವುದು ನನ್ನ ಕೆಲಸ. ತಡವಾಗಿ ಓಡುವ ರೈಲುಗಳು, ನರಿ ಬೇಟೆ ನಿಲ್ಲಿಸಬೇಕೋ ಬೇಡವೋ ಎಂಬ ಜಗಳ, ಆಸ್ಪತ್ರೆಗಳ ಮುಂದಿನ ಸಾಲು, ಫುಟ್‌ಬಾಲ್ ಆಟಗಾರರ ಮದುವೆಗಳು. ಚಹಾಕ್ಕೆ ಹಾಲು ಮೊದಲೋ ಆಮೇಲೋ ಎಂದು ಯಾರಾದರೂ ಕೇಳಿದರೆ ನಮ್ಮೂರ ಕಾನ್ವೆಂಟಿನ ಸಿಸ್ಟರ್‌ಗಳು ಕುಡಿಯುತ್ತಿದ್ದುದನ್ನು ನೆನಪಿಸಿಕೊಂಡು ಗಂಭೀರವಾಗಿ ಉತ್ತರ ಕೊಡುತ್ತಿದ್ದೆ.

ಆ ಡಿಸೆಂಬರಿನ ಒಂದು ಶನಿವಾರ ಸಂಜೆ ಐದು ಗಂಟೆಗೆ, ಪೇಟೆಯಿಂದ ಮನೆಗೆ ಬರುವ ಟ್ರಾಮ್‌ನಲ್ಲಿ, ನನ್ನ ಮುಂದಿನ ಎರಡನೆಯ ಸೀಟಿನಲ್ಲಿ ಕೂತಿದ್ದವರ ಹಣೆಗೆ ಒಬ್ಬ ಬಿಯರ್ ಬಾಟಲಿಯಿಂದ ಹೊಡೆದ.

ಹೊಡೆಸಿಕೊಂಡವರು ಮೊಜಾಂಬಿಕ್‌ನವರು. ಪೂರ್ವ ಜರ್ಮನಿಯ ಕಾಲದಲ್ಲೇ ಕಾರ್ಖಾನೆ ಕೆಲಸಕ್ಕೆ ಬಂದು ಇಲ್ಲೇ ಉಳಿದವರೆಂದು ಆಮೇಲೆ ತಿಳಿಯಿತು. ಮೂವರು ಹುಡುಗರು ಹತ್ತಿದರು, ತಲೆ ಬೋಳಿಸಿಕೊಂಡವರು. ಆ ಮೊಜಾಂಬಿಕ್‌ನವರ ಹತ್ತಿರ ನಿಂತು ಏನೇನೋ ಅಂದರು. ಹುಡುಗರು ಅವರ ತೊಡೆಯ ಮೇಲೆ ಬಿಯರ್ ಸುರಿದರು. ಅವರು ಏಳಲು ನೋಡಿದಾಗ ಹೊಡೆತ ಬಿತ್ತು. ಗಾಜು ಒಡೆಯಲಿಲ್ಲ. ಬಾಟಲಿ ಕೆಳಗೆ ಬಿದ್ದು ಟ್ರಾಮ್ ತಿರುಗಿದ ಹಾಗೆಲ್ಲ ಸೀಟುಗಳ ಕೆಳಗೆ ಉರುಳಾಡಿತು. ಹೊಡೆದವನು ಹಿಂದೆ ತಿರುಗಿ ನನ್ನ ತನಕ ಬಂದು, ಬಗ್ಗಿ, ನನ್ನ ಮುಖದ ಹತ್ತಿರ ಮುಖ ತಂದು, ನೀನು ಏನಾದರೂ ನೋಡಿದೆಯಾ ಎಂದು ಕೇಳಿದ. ನಾನು ಇಲ್ಲವೆಂದು ತಲೆಯಾಡಿಸಿದೆ. ಬಾಗಿಲು ತೆರೆಯಿತು, ಇಳಿದು ಹೋದರು. ಎಲ್ಲ ಸೇರಿ ಎರಡು ನಿಲ್ದಾಣಗಳ ನಡುವಿನಷ್ಟು ಹೊತ್ತು.

ಈಗ ನಾನು ಬರ್ಲಿನ್‌ನಲ್ಲಿದ್ದೇನೆ, ಇಪ್ಪತ್ತು ವರ್ಷ ಕಳೆದಿದೆ. ಈಗಲೂ ಊ-ಬಾನ್ ಎಂಬ ಸುರಂಗ ರೈಲಿನಲ್ಲಿ ಖಾಲಿ ಬಾಟಲಿ ಉರುಳಿದರೆ ಓದುತ್ತಿದ್ದುದನ್ನು ಬಿಟ್ಟು ತಲೆಯೆತ್ತುತ್ತೇನೆ. ಎದ್ದು ನಿಂತಿದ್ದರೆ, ಚಾಲಕನಿಗೆ ಕೂಗಿ ಹೇಳಿದ್ದರೆ, ತಲೆಯ ಮೇಲಿದ್ದ, ಟ್ರಾಮ್ ನಿಲ್ಲಿಸುವ ಕೆಂಪು ಹಿಡಿ ಎಳೆದಿದ್ದರೆ ಎಂದು ಮತ್ತೆ ಮತ್ತೆ ಆ ಎರಡು ನಿಲ್ದಾಣಗಳ ನಡುವೆ ಓಡಾಡುತ್ತೇನೆ.

ಆ ಸಂಜೆ ಪೊಲೀಸರು ಬಂದರು. ಉಳಿದ ಪ್ರಯಾಣಿಕರು ಏನೂ ಕಾಣಲಿಲ್ಲ ಎಂದರು. ಹೊಡೆಸಿಕೊಂಡವರ ಹಣೆಯ ರಕ್ತ ನೋಡಿ ನನಗೆ ಹಾಗೆನ್ನಲು ಬಾಯಿ ಬರಲಿಲ್ಲ. ಹೊಡೆದವನ ಮುಖ, ಜಾಕೆಟ್ಟು ಎಲ್ಲ ಹೇಳಿದೆ, ಬಾಟಲಿ ಎಡಗೈಯಲ್ಲಿತ್ತು ಎಂದೂ ಹೇಳಿದೆ. ನೇರವಾಗಿ ನೋಡುತ್ತಿದ್ದಿರಾ ಎಂದು ಕೇಳಿದರು. ಹೌದು ಎಂದೆ. ಮಾತೃಭಾಷೆ ಕೇಳಿದರು. ಕನ್ನಡ ಎಂದಾಗ ಆ ಪೊಲೀಸಿನವರ ಪೆನ್ನು ಗಾಳಿಯಲ್ಲೇ ನಿಂತದ್ದು ನೋಡಿ, ಪಾಪ, ಅವರಿಗೇಕೆ ತೊಂದರೆ ಎಂದು ಹಿಂದಿ ಎಂದು ಬರೆಸಿದೆ.

ಫೆಬ್ರವರಿಯಲ್ಲಿ ಅಂಚೆಡಬ್ಬಿಯಲ್ಲಿ ಹಳದಿ ಲಕೋಟೆ ಬಂತು, ನ್ಯಾಯಾಲಯದ್ದು. ಆ ಹೊತ್ತಿಗೆ ಮೂವರು ಹುಡುಗರೂ ಸಿಕ್ಕಿಬಿದ್ದಿದ್ದರು, ಒಂದು ಸಂಗತಿಯೂ ಕಿವಿಗೆ ಬಿದ್ದಿತ್ತು. ಬಾಟಲಿ ಎತ್ತಿದ್ದು ಆ ಮೊಜಾಂಬಿಕ್‌ನವರೇ, ತಾನು ಬರಿದೇ ತಳ್ಳಿದ್ದು ಎಂದು ಹೊಡೆದವನು ಹೇಳುತ್ತಿದ್ದ. ಅವನ ಜೊತೆಗಿದ್ದ ಇಬ್ಬರೂ ಅದನ್ನೇ ಹೇಳುತ್ತಿದ್ದರು. ಅಂದರೆ ಆ ಮೊಜಾಂಬಿಕ್‌ನವರ ಪರವಾಗಿ ಹೇಳಬೇಕಾದವನು ನಾನೊಬ್ಬನೇ. ಲಕೋಟೆ ಕೈಯಲ್ಲಿ ಹಿಡಿದು ಅಡುಗೆಮನೆಯಲ್ಲಿ ನಿಂತಿದ್ದೆ. ನನ್ನ ಜೊತೆ ಮನೆ ಹಂಚಿಕೊಂಡಿದ್ದವನು ಮೈಸೂರಿನ ಕಡೆಯ ಗೆಳೆಯ. ಅವನು ಒಲೆಯ ಮುಂದೆ ನಿಂತೇ ಕೇಳಿದ.

“ಲೋ ಮಗಾ, ಸೈನ್ ಹಾಕಿ ತಗೊಂಡ್ಯಾ ಇದನ್ನ?”

“ಇಲ್ಲ ಮಾರಾಯ. ಡಬ್ಬಿಯಲ್ಲಿ ಇತ್ತು.”

“ಹಂಗಾದ್ರೆ ಬಂದೇ ಇಲ್ಲ ಅಂದ್ಕೋ. ಒಡೀಬೇಡ. ನಮ್ ದೊಡ್ಡಪ್ಪ ಸೈಕಲ್ ಕದ್ದೋನ್ನ ನೋಡ್ದೆ ಅಂತ ಸಾಕ್ಷಿ ಹೇಳೋಕೋಗಿ ಹನ್ನೊಂದು ವರ್ಷ ಕೋರ್ಟಿಗೆ ಅಲೆದ್ರು ಗುರು. ಕೊನೆಗೆ ಕಳ್ಳನೇ ಪಾಪ ಅಂತ ಕಾಫಿ ಕೊಡುಸ್ತಿದ್ನಂತೆ.”

ನಗು ಬಂದರೂ ಅವನ ಮಾತು ಸರಿಯೆನಿಸಿತು. ನಮ್ಮಲ್ಲಿ ಸಮನ್ಸ್ ತಂದವನು ಸಹಿ ಹಾಕಿಸಿಕೊಳ್ಳಬೇಕು, ಮನೆಯಲ್ಲಿ ಇಲ್ಲ ಎಂದು ಹೇಳಿಸಿದರೆ ಮರಳಿ ಹೋಗುತ್ತದೆ ಎಂದೇ ತಿಳಿದು ಬೆಳೆದವರು ನಾವು. ವೀಸಾ ನವೀಕರಿಸುವಾಗ ಪೊಲೀಸ್ ಕಡತದಲ್ಲಿ ಹೆಸರು ಕಂಡರೆ ಏನಾದೀತೋ ಎಂಬ ಭಯವೂ ಇತ್ತು. ಒಡೆಯದ ಲಕೋಟೆಯನ್ನು ಪತ್ರಿಕೆಯ ಚೂರುಗಳ ಜೊತೆ ಚೀಲಕ್ಕೆ ಹಾಕಿದೆ. ಹರಿದು ಎಸೆಯುವ ಧೈರ್ಯವೂ ಬರಲಿಲ್ಲ.

ಮಾರ್ಚ್ ಮೊದಲ ವಾರದ ಬುಧವಾರ ಗುಂಪಿನಲ್ಲಿ ಬ್ರಿಟನ್ನಿನ ಕ್ಯಾಮೆರಾಗಳ ವಿಷಯ. ಅಲ್ಲಿನ ಪೇಟೆ, ಬಸ್ಸು, ನಿಲ್ದಾಣಗಳಲ್ಲೆಲ್ಲ ಕ್ಯಾಮೆರಾ ಹಾಕಿದ್ದಾರೆ, ಜನ ಅದನ್ನು ಬೇಡವೆನ್ನುವುದಿಲ್ಲ ಎಂದು ಒಂದು ಲೇಖನವಿತ್ತು. ಒಂದಷ್ಟು ಜನರನ್ನು ಮನೆಯೊಳಗೆ ಕೂಡಿಹಾಕಿ ಹಗಲೂ ರಾತ್ರಿ ಕ್ಯಾಮೆರಾದಲ್ಲಿ ತೋರಿಸುವ ಟೀವಿ ಕಾರ್ಯಕ್ರಮದ ಬಗ್ಗೆ ಇನ್ನೊಂದು. ಅವರಲ್ಲಿ ಯಾರು ಹೊರಗೆ ಹೋಗಬೇಕೆಂದು ನೋಡುವವರು ಮತ ಹಾಕುತ್ತಿದ್ದರು. ರಷ್ಯನ್ ಮೇಷ್ಟ್ರಿಗೆ ನಗು ತಡೆಯಲಾಗಲಿಲ್ಲ. ನಲವತ್ತು ವರ್ಷ ನಾವು ಅಂಥ ಮನೆಯಲ್ಲೇ ಇದ್ದೆವು, ಹೊರಗೆ ಹೋಗಲಿಕ್ಕೆ ಮಾತ್ರ ಬಿಡುತ್ತಿರಲಿಲ್ಲ ಎಂದರು. ಬ್ರಿಟಿಷರಿಗೆ ನೋಡುವ ಕಣ್ಣುಗಳ ಅನುಭವವಿಲ್ಲ, ಅದಕ್ಕೇ ಖುಷಿಯಾಗಿದ್ದಾರೆ ಎಂದು ಇನ್ನೊಬ್ಬರು. ಹಾಗಾದರೆ ಬೀದಿಯಲ್ಲಿ ಒಬ್ಬನಿಗೆ ಹೊಡೆದರೆ ಯಾರು ನೋಡಬೇಕು ಎಂದು ಲೆನ್ಸಮ್ಮ ಕೇಳಿದರು. ನಮ್ಮ ಟ್ರಾಮ್‌ಗಳಲ್ಲಿ ಆಗ ಕ್ಯಾಮೆರಾ ಇರಲಿಲ್ಲ.

ನಾನು ಬೇಗನೆ ಮುಂದಿನ ಲೇಖನಕ್ಕಾಗಿ ಚೀಲಕ್ಕೆ ಕೈ ಹಾಕಿದೆ. ಹಳದಿ ಲಕೋಟೆಯೂ ಜೊತೆಗೇ ಬಂದು ಮೇಜಿನ ಮೇಲೆ ಬಿತ್ತು.

ಆ ಬಣ್ಣ ಅಲ್ಲಿದ್ದವರಿಗೆಲ್ಲ ಗೊತ್ತು. ಯಾಕೆ ಒಡೆದಿಲ್ಲ ಎಂದು ಮೇಷ್ಟ್ರು ಮೆಲ್ಲಗೆ ಕೇಳಿದರು. ಸಹಿ ಹಾಕಿಲ್ಲವಾದ್ದರಿಂದ ಅದು ಇನ್ನೂ ನನಗೆ ತಲುಪಿಲ್ಲ ಎಂದು ವಿವರಿಸಿದೆ. ಯಾರೂ ನಗಲಿಲ್ಲ. ಲಕೋಟೆಯ ಮೇಲೆ ಅಂಚೆಯವನು ಬರೆದಿದ್ದ ತಾರೀಖನ್ನು ಲೆನ್ಸಮ್ಮ ಬೆರಳಿಟ್ಟು ತೋರಿಸಿದರು. ಇಲ್ಲಿ ಸಹಿ ಬೇಕಿಲ್ಲ, ಡಬ್ಬಿಗೆ ಹಾಕಿದ ದಿನವೇ ತಲುಪಿತು ಎಂದು ಅರ್ಥವಂತೆ. ನನ್ನ ಒಪ್ಪಿಗೆ ಕೇಳಿ ಮೇಷ್ಟ್ರು ಒಡೆದರು. ಸಾಕ್ಷಿಯಾಗಿ ಹಾಜರಾಗಬೇಕು. ಮರುದಿನ ಬೆಳಿಗ್ಗೆ ಒಂಬತ್ತೂವರೆಗೆ.

ಆಗ ಎಲ್ಲವನ್ನೂ ಹೇಳಿದೆ, ಅರ್ಧ ಇಂಗ್ಲಿಷ್, ಅರ್ಧ ಜರ್ಮನ್. ಹೋಗುವುದಿಲ್ಲ ಎಂದೂ ಹೇಳಿದೆ.

ಲೆನ್ಸಮ್ಮ ಕನ್ನಡಕ ತೆಗೆದು ಒರೆಸಿಕೊಂಡರು. ಗೋಡೆ ಬಿದ್ದ ಮರುವರ್ಷ ಅವರ ಬೀದಿಯಲ್ಲಿದ್ದ ವಿದೇಶಿ ಕಾರ್ಮಿಕರ ಹಾಸ್ಟೆಲಿಗೆ ಜನ ಕಲ್ಲೆಸೆದಿದ್ದರಂತೆ. ಎಸೆದವರಲ್ಲಿ ಇಬ್ಬರು ಅವರಿಗೆ ಪರಿಚಯದವರು.

“ನಾನು ಪರದೆ ಎಳೆದುಕೊಂಡೆ. ನನಗೆ ಯಾರೂ ಲಕೋಟೆ ಕಳಿಸಲಿಲ್ಲ” ಎಂದರು.

ಕನ್ನಡಕ ಮತ್ತೆ ಹಾಕಿಕೊಂಡು, ಟ್ರಾಮ್‌ನಲ್ಲಿ ನಡೆದದ್ದನ್ನು ಇನ್ನೊಮ್ಮೆ ನಿಧಾನವಾಗಿ ಹೇಳಲು ಹೇಳಿದರು. ಎಡಗೈ ಎಂದಾಗ ತಡೆದರು. ನೀವು ಎಲ್ಲಿ ಕೂತಿದ್ದಿರಿ, ಮುಖ ಯಾವ ಕಡೆಗಿತ್ತು ಎಂದು ಕೇಳಿದರು. ಮೂರು ತಿಂಗಳಿಂದ ಯಾರಿಗೂ ಹೇಳದಿದ್ದುದನ್ನು ಹೇಳಬೇಕಾಯಿತು. ಆ ಹುಡುಗರು ಹತ್ತಿದ ಕ್ಷಣವೇ ನಾನು ಮುಖವನ್ನು ಕಿಟಕಿಗೆ ತಿರುಗಿಸಿದ್ದೆ. ಹೊರಗೆ ಕತ್ತಲೆ, ಒಳಗೆ ದೀಪ. ನೋಡಬಾರದೆಂದು ತಿರುಗಿದ ಗಾಜಿನಲ್ಲೇ ಎಲ್ಲವೂ ಕಂಡಿತು.

ಲೆನ್ಸಮ್ಮ ಎದ್ದು ಸೀಮೆಸುಣ್ಣವೊಂದನ್ನು ತೆಗೆದುಕೊಂಡು ನನ್ನ ಹಿಂದೆ ಹೋಗಿ ನಿಂತರು. ತರಗತಿಯ ಕಿಟಕಿಯಲ್ಲಿ ಆಗಲೇ ಕತ್ತಲಾಗಿತ್ತು.

“ನನ್ನನ್ನು ನೋಡಬೇಡಿ, ಕಿಟಕಿ ನೋಡಿ. ಸೀಮೆಸುಣ್ಣ ನನ್ನ ಯಾವ ಕೈಯಲ್ಲಿದೆ?”

“ಎಡಗೈಯಲ್ಲಿ.”

“ಈಗ ತಿರುಗಿ.”

ಬಲಗೈಯಲ್ಲಿತ್ತು. ಕನ್ನಡಿಯಲ್ಲಿ ಎಡಬಲ ಅದಲುಬದಲಾಗುವುದು ಎಂಜಿನಿಯರಿಂಗ್ ಓದಿದ ನನಗೆ ಗೊತ್ತಿಲ್ಲದ್ದೇನಲ್ಲ. ಗಾಜು ನೋಡಿದೆನೆಂದು ಒಪ್ಪಿಕೊಳ್ಳದೆ ಅದು ನೆನಪಾಗುವಂತಿರಲಿಲ್ಲ, ಅಷ್ಟೇ.

ಮರುದಿನ ಬೆಳಿಗ್ಗೆ ನಾನು ಬಾಗಿಲು ತೆರೆದಾಗ ಲೆನ್ಸಮ್ಮ, ಮೇಷ್ಟ್ರು ಇಬ್ಬರೂ ನಮ್ಮ ಕಟ್ಟಡದ ಕೆಳಗೆ ನಿಂತಿದ್ದರು. ಲೆನ್ಸಮ್ಮ ಬ್ರೆಡ್ಡಿಗೆ ಬೆಣ್ಣೆ ಹಚ್ಚಿ ಡಬ್ಬಿಯಲ್ಲಿ ತಂದಿದ್ದರು. ನನ್ನ ಗೆಳೆಯ ಕಿಟಕಿಯಿಂದ ಬಗ್ಗಿ ನೋಡಿ, ಏನು ಗುರು, ಬೀಗರು ಬಂದವ್ರೆ ಎಂದ. ಆಮೇಲೆ ಷೂ ಹಾಕಿಕೊಂಡು ಅವನೂ ಟ್ರಾಮ್ ನಿಲ್ದಾಣದ ತನಕ ಬಂದ.

ನ್ಯಾಯಾಲಯದಲ್ಲಿ ನನಗಾಗಿ ಹಿಂದಿ ದುಭಾಷಿ ಕಾಯುತ್ತಿದ್ದರು. ಬಿಳಿಗಡ್ಡದ ಜರ್ಮನ್, ಬಹಳ ಹಿಂದೆ ವಿಶ್ವವಿದ್ಯಾಲಯದಲ್ಲಿ ಹಿಂದಿ ಓದಿದವರು. ಅವರ ಶುದ್ಧ ಹಿಂದಿಯ ಮುಂದೆ ನನ್ನ ದೂರದರ್ಶನದ ಹಿಂದಿ ತಲೆ ತಗ್ಗಿಸಿತು. ಎರಡು ಮಾತಿನಲ್ಲೇ ನನ್ನ ಅವಸ್ಥೆ ಅರ್ಥಮಾಡಿಕೊಂಡ ಅವರು, ನೀವು ಜರ್ಮನ್‌ನಲ್ಲೇ ಹೇಳಿ, ಸಿಕ್ಕಿಬಿದ್ದಾಗ ನಾನು ಎತ್ತುತ್ತೇನೆ ಎಂದು ಪಿಸುಗುಟ್ಟಿದರು.

ಹೊಡೆದವನು ಇಸ್ತ್ರಿ ಮಾಡಿದ ಅಂಗಿ ಹಾಕಿ ಕೂತಿದ್ದ. ಕೂದಲು ಬೆಳೆದಿತ್ತು. ಇನ್ನೊಂದು ಬದಿಯಲ್ಲಿ ಆ ಮೊಜಾಂಬಿಕ್‌ನವರು, ಹುಬ್ಬಿನ ಮೇಲೆ ಗಾಯದ ಗೆರೆ. ನ್ಯಾಯಾಧೀಶೆ ನಡೆದದ್ದನ್ನು ನನ್ನದೇ ಮಾತಿನಲ್ಲಿ ಹೇಳಲು ಹೇಳಿದರು. ಹೇಳಿದೆ. ಕೈಯ ವಿಷಯ ಬಂದಾಗ ಪೊಲೀಸರಿಗೆ ಎಡಗೈ ಎಂದಿದ್ದೆ, ಅದು ಬಲಗೈ, ನಾನು ನೋಡಿದ್ದು ಕಿಟಕಿಯ ಗಾಜಿನಲ್ಲಿ ಎಂದೆ.

ಹೊಡೆದವನ ವಕೀಲ ತಟ್ಟನೆ ಎದ್ದ. ಅವನ ಮುಂದೆ ವೈದ್ಯರ ಚೀಟಿಯಿತ್ತು. ಆ ವಾರ ತನ್ನ ಕಕ್ಷಿದಾರನ ಎಡ ಮಣಿಕಟ್ಟಿಗೆ ಪ್ಲಾಸ್ಟರ್ ಹಾಕಿತ್ತು, ಆ ಕೈಯಲ್ಲಿ ಬಾಟಲಿ ಹಿಡಿಯಲಾಗುತ್ತಿರಲಿಲ್ಲ, ಅದನ್ನು ಯಾರೋ ಹೇಳಿದ್ದಕ್ಕೇ ಸಾಕ್ಷಿ ಈಗ ಮಾತು ಬದಲಿಸುತ್ತಿದ್ದಾರೆ ಎಂದ. ಪ್ಲಾಸ್ಟರಿನ ವಿಷಯ ನಾನು ಕೇಳಿದ್ದು ಆಗಲೇ, ಟ್ರಾಮ್‌ನಲ್ಲಿ ಅದು ಜಾಕೆಟ್ಟಿನ ತೋಳಿನೊಳಗೆ ಇದ್ದಿರಬೇಕು. ಎಡಗೈ ಎಂದೇ ಹೇಳಿದ್ದರೆ ನನ್ನ ಇಡೀ ಸಾಕ್ಷ್ಯ ಅಲ್ಲೇ ಬಿದ್ದುಹೋಗುತ್ತಿತ್ತು.

“ನೇರವಾಗಿ ನೋಡಿದೆ ಎಂದು ಪೊಲೀಸರಿಗೆ ಯಾಕೆ ಹೇಳಿದಿರಿ?” ನ್ಯಾಯಾಧೀಶೆ ಕೇಳಿದರು.

ಉತ್ತರ ಹೇಳುವಾಗ ನಾನು ಅವರನ್ನು ನೋಡಲಿಲ್ಲ, ಆ ಮೊಜಾಂಬಿಕ್‌ನವರನ್ನು ನೋಡಿದೆ.

“ನಾನು ಹೆದರಿ ಮುಖ ತಿರುಗಿಸಿದ್ದೆ. ಅದನ್ನು ಹೇಳಲು ನಾಚಿಕೆಯಾಗಿತ್ತು.”

ದುಭಾಷಿಯ ಸಹಾಯ ಬೇಕಾಗಲಿಲ್ಲ.

ನ್ಯಾಯಾಧೀಶೆ ಒಂದು ಹಾಳೆ ಕೊಟ್ಟು ಸೀಟುಗಳನ್ನು ಬರೆಯಲು ಹೇಳಿದರು. ಕಿಟಕಿ, ನನ್ನ ಸೀಟು, ಅವರ ಸೀಟು, ಹೊಡೆದವನು ನಿಂತ ಜಾಗ, ಬೆಳಕು ಗಾಜಿಗೆ ಬಿದ್ದು ನನ್ನ ಕಣ್ಣಿಗೆ ಬಂದ ದಾರಿ. ಕಾಲೇಜಿನಲ್ಲಿ ಕೂಡ ಅಷ್ಟು ಜಾಗ್ರತೆಯಿಂದ ಚಿತ್ರ ಬರೆದಿರಲಿಲ್ಲ. ಅವರು ಅದನ್ನು ಬಹಳ ಹೊತ್ತು ನೋಡಿ, ವಕೀಲನಿಗೂ ತೋರಿಸಿ, ಕಡತದಲ್ಲಿಟ್ಟರು.

ಮಧ್ಯಾಹ್ನದ ಹೊತ್ತಿಗೆ ತೀರ್ಪು ಬಂತು. ಹೊಡೆದದ್ದು ಅವನೇ, ಮೊದಲು ಕೈಯೆತ್ತಿದ್ದೂ ಅವನೇ ಎಂದು ನ್ಯಾಯಾಧೀಶೆ ಓದಿದರು. ಶಿಕ್ಷೆಯ ವಿವರ ನನ್ನ ಕಿವಿಗೆ ಸರಿಯಾಗಿ ಬೀಳಲಿಲ್ಲ. ಆ ಮೊಜಾಂಬಿಕ್‌ನವರು ಎರಡೂ ಅಂಗೈಗಳನ್ನು ಮೇಜಿನ ಮೇಲೆ ಬಿಚ್ಚಿಟ್ಟು ಕೂತಿದ್ದರು.

ಹೊರಗೆ ಲೆನ್ಸಮ್ಮ ನನ್ನ ಕೋಟಿನ ಕಾಲರ್ ಸರಿಮಾಡಿದರು. ಮುಂದಿನ ಬುಧವಾರಕ್ಕೆ ಸ್ವಲ್ಪ ಹಗುರವಾದ ವಿಷಯ ತನ್ನಿ ಎಂದು ಮೇಷ್ಟ್ರು ಹೇಳಿದರು. ಅವರಿಬ್ಬರೂ ಪೇಟೆಯ ಕಡೆಗೆ ಹೋದರು.

ಟ್ರಾಮ್ ನಿಲ್ದಾಣದಲ್ಲಿ ನಾನೂ ಆ ಮೊಜಾಂಬಿಕ್‌ನವರೂ ಉಳಿದೆವು. ಕ್ಷಮೆ ಕೇಳಬೇಕೆಂದು ಜರ್ಮನ್ ವಾಕ್ಯವನ್ನು ಬಾಯಲ್ಲಿ ಜೋಡಿಸುತ್ತಿದ್ದೆ. ಅವರೇ ಮೊದಲು ಮಾತಾಡಿದರು.

“ಹದಿನೇಳು ವರ್ಷದಿಂದ ಇಲ್ಲಿದ್ದೇನೆ. ನಾನೂ ಎಷ್ಟೋ ಸಲ ಕಿಟಕಿಯ ಕಡೆಗೆ ತಿರುಗಿದ್ದೇನೆ.”

ಟ್ರಾಮ್ ಬಂತು. ಇಬ್ಬರೂ ಹತ್ತಿ ಒಂದೇ ಸೀಟಿನಲ್ಲಿ ಕೂತೆವು. ಅವರು ಹೆಂಡತಿಗೆ ಫೋನ್ ಮಾಡಿ ಮುಗಿಯಿತು ಎಂದರು, ಊಟಕ್ಕೆ ಏನಿದೆ ಎಂದು ಕೇಳಿದರು. ನಾನು ಎಲ್ಲಿ ಇಳಿಯುವುದೆಂದು ವಿಚಾರಿಸಿದರು. ಹೇಳಿದೆ. ಅವರದು ಅದರ ಮುಂದಿನ ನಿಲ್ದಾಣ. ಮಧ್ಯದಲ್ಲಿ ಎತ್ತರದ ಹುಡುಗರಿಬ್ಬರು ಜೋರಾಗಿ ಮಾತಾಡುತ್ತ ಹತ್ತಿದರು, ಕಾಲೇಜಿನವರಿರಬೇಕು. ನಮ್ಮಿಬ್ಬರ ಮಾತೂ ಒಂದು ಕ್ಷಣ ನಿಂತಿತು. ಆ ಹುಡುಗರು ಒಂದು ಪುಸ್ತಕ ತೆರೆದು ಯಾವುದೋ ಲೆಕ್ಕದ ಬಗ್ಗೆ ಜಗಳವಾಡತೊಡಗಿದಾಗ ನಾವು ಮತ್ತೆ ಶುರುಮಾಡಿದೆವು.

ನನ್ನ ನಿಲ್ದಾಣ ಬಂತು, ಬಾಗಿಲು ತೆರೆಯಿತು. ನಾನು ಏಳಲಿಲ್ಲ. ಅವರು ನನ್ನತ್ತ ನೋಡಿ, ಕಾಲು ಚಾಚಲು ಜಾಗವಾಗುವಂತೆ ತಮ್ಮ ಚೀಲವನ್ನು ತೊಡೆಯ ಮೇಲೆ ಎತ್ತಿಕೊಂಡರು. ಮುಂದಿನ ನಿಲ್ದಾಣದ ತನಕ ಜೊತೆಗೆ ಹೋಗಿ, ಅವರು ಮನೆಯ ಬಾಗಿಲು ಸೇರಿದ್ದನ್ನು ನೋಡಿ, ನಡೆದುಕೊಂಡು ಹಿಂದೆ ಬಂದೆ.