ಗಾಡಿ ಕಟ್ಟಿ ಹಾಕುವ ಊರು

ಗೆಳೆಯರೇ, ಹುಮನಾಬಾದಿನ ನಮ್ಮತ್ತೆ ಇಂದು ಬಹಳ ಹಳೆಯದೊಂದು ವಾದ ಗೆದ್ದರು.

ಎಪ್ಪತ್ತರ ದಶಕದಲ್ಲಿ ಮಾವ ಗೋಧಿ ಬೆಳೆಯ ತರಬೇತಿಗೆಂದು ಕೆನಡಾದ ವಿನ್ನಿಪೆಗ್‌ಗೆ ಹೋಗಿ, ಅಲ್ಲಿನ ಬೀದಿಗಳನ್ನು ರೀಲಿನಲ್ಲಿ ಹಿಡಿದು ತಂದಿದ್ದರು. ಅಂಗಳದಲ್ಲಿ ಧೋತರವನ್ನೇ ಪರದೆಯಾಗಿ ಕಟ್ಟಿ ಅದನ್ನು ತೋರಿಸಿದಾಗ, ಹಿಮದಲ್ಲಿ ನಿಂತ ಕಾರುಗಳ ಮೂತಿಯಿಂದ ಗೂಟಕ್ಕೆ ಹೋದ ಹಗ್ಗ ಕಂಡಿತು. ಬಸವಕಲ್ಯಾಣದ ಒಕ್ಕಲುತನದ ಮನೆಯಲ್ಲಿ ಬೆಳೆದ ಅತ್ತೆ, "ಅಯ್ಯ, ಗಾಡಿ ಕಟ್ಟಿ ಹಾಕ್ಯಾರಲ್ರಿ!" ಎಂದುಬಿಟ್ಟರಂತೆ. "ಅದು ಕರೆಂಟಿನ ವೈರು" ಎಂದು ಮಾವ ನಕ್ಕರು. ಅಂದಿನಿಂದ ಇಡೀ ಮನೆ ನಗುತ್ತಲೇ ಇದೆ.

ಸ್ಟುಡಿಯೋಕ್ಕೆ ಕೊಟ್ಟು ಡಿಜಿಟಲ್ ಮಾಡಿಸಿದ ಅದೇ ರೀಲು ಇಂದು ನನ್ನ ಫೋನಿಗೆ ಬಂತು. ಮೂವರೂ ಕೂತು ನೋಡಿದೆವು. ಮಾವ ಒಂದೊಂದೇ ಅಂಗಡಿಯ ಹೆಸರು ನೆನೆಯುತ್ತಿದ್ದರು. ನನಗೆ ಕುತೂಹಲ ತಡೆಯಲಿಲ್ಲ. "ಮಾವ, ಕಾರಿಗೆ ಕರೆಂಟ್ ಯಾಕ್ರಿ?"

"ಅಲ್ಲಿ ಥಂಡ್ಯಾಗ ಇಂಜಿನ್ ಎಣ್ಣಿ ಗಟ್ಟಿ ಆಗ್ತದ. ರಾತ್ರಿ ಬೆಚ್ಚಗಿಟ್ರನ ಮುಂಜಾನಿ ಚಾಲೂ ಆಗ್ತದ."

ಅತ್ತೆ ಕನ್ನಡಕ ಸರಿಪಡಿಸಿಕೊಂಡರು. "ಅಂದ್ರ ಮುಂಜಾನಿ ಎದ್ದು ನಡೀಲಿ ಅಂತ ರಾತ್ರಿ ಗೂಟಕ್ಕ ಕಟ್ಟಿ ಮೇವು ಹಾಕ್ತಾರ. ನಾ ಮತ್ತೇನ್ ಅಂದಿದ್ದೆ?"

ಮಾವ ನನ್ನ ಮುಖ ನೋಡಿದರು. ನಾನು ಫೋನ್ ನೋಡಿದೆ. ಅದರ ಚಾರ್ಜ್ ಮುಗಿಯುತ್ತಿತ್ತು, ಎದ್ದು ಗೋಡೆಯ ಪ್ಲಗ್ಗಿಗೆ ಹಚ್ಚಿದೆ.

"ಕಟ್ಟು, ಕಟ್ಟು. ಉಪಾಸ ಅದ ಪಾಪ!" ಎಂದರು ಅತ್ತೆ.

ಈ ಪೋಸ್ಟನ್ನು ಗೋಡೆಗೆ ಆತುಕೊಂಡು ಕೂತು ಬರೆಯುತ್ತಿದ್ದೇನೆ. ಹಗ್ಗ ಗಿಡ್ಡ ಇದೆ.