ಡಾಕ್ಟರಮ್ಮನ ಮೋಟರಿಗೆ ಅಪ್ಪನ ಎಣ್ಣೆ

ಕರ್ನೂಲು ಆಂಧ್ರಕ್ಕೆ ರಾಜಧಾನಿಯಾಗಿದ್ದ ಆ ಕೆಲವು ವರ್ಷಗಳಲ್ಲಿ, ಆದೋನಿಯ ಡಾಕ್ಟರಮ್ಮನ ಮೋಟರು ಬರುವುದು ಕಣ್ಣಿಗಿಂತ ಮೊದಲು ಮೂಗಿಗೆ ಗೊತ್ತಾಗುತ್ತಿತ್ತು. ಎರಡೇ ಸೀಟಿನ, ಉದ್ದ ಮೂತಿಯ ಹಳೆಯ ರೇಸ್ ಕಾರು ಅದು. ದೇಶ ಬಿಟ್ಟು ಹೋಗುವಾಗ ಇಂಗ್ಲಿಷ್ ದೊರೆಯೊಬ್ಬ ಅವರಿಗೆ ದಾಟಿಸಿ ಹೋಗಿದ್ದ. ಇಂಜಿನ್ನಿಗೆ ಔಡಲೆಣ್ಣೆಯನ್ನೇ, ಅಂದರೆ ಹರಳೆಣ್ಣೆಯನ್ನೇ, ಹಾಕಬೇಕೆಂದು ಚೀಟಿ ಬರೆದು ಹತಾರದ ಪೆಟ್ಟಿಗೆಯಲ್ಲಿ ಇಟ್ಟಿದ್ದ. ಹಾಗಾಗಿ ಕಾರು ಹಾದುಹೋದ ಬೀದಿಯಲ್ಲೆಲ್ಲ ಆಗಷ್ಟೇ ದೀಪ ಆರಿಸಿದಂಥ ವಾಸನೆ ಇರುತ್ತಿತ್ತು.

ಆ ಔಡಲೆಣ್ಣೆ ನಮ್ಮಪ್ಪನ ಗಾಣದ್ದು. ಮನೆಗಳಲ್ಲಿ ಔಡಲ ಬೀಜ ಹುರಿದು, ಕುದಿಸಿ ಎಣ್ಣೆ ತೆಗೆಯುವುದು ರೂಢಿ. ಕಾರಿಗೆ ಮಾತ್ರ ಅಪ್ಪ ಹಸಿ ಬೀಜವನ್ನೇ ಗಾಣಕ್ಕೆ ಹಾಕಿ, ಎಂಟು ದಿನ ಗಡಿಗೆಯಲ್ಲಿ ತಿಳಿಯಾಗಲು ಬಿಟ್ಟು, ಹಳೇ ಪಂಚೆಯನ್ನು ನಾಲ್ಕು ಪದರ ಮಾಡಿ ಸೋಸುತ್ತಿದ್ದ. ಎಣ್ಣೆ ಮಿಲ್ಲುಗಳು ಬಂದ ಮೇಲೆ ಗಾಣದ ಕಡೆ ಸುಳಿಯುವವರೇ ಕಡಿಮೆಯಾಗಿದ್ದರು. ಈ ಕಾರಿನಿಂದ ಅಪ್ಪನ ಹೆಸರು ಮತ್ತೆ ಮೇಲೆದ್ದಿತ್ತು. ಪೆದ್ದಕಡುಬೂರಿನವರು ಸಹ, “ಮೋಟರಿಗೆ ನಡಿಯೋ ಎಣ್ಣಿ ಇಲ್ಲೇ ಏನ್ರಿ?” ಎಂದು ಕೇಳಿಕೊಂಡು ಬರುತ್ತಿದ್ದರು. ಅಪ್ಪ ಹೌದು ಎನ್ನುತ್ತಿರಲಿಲ್ಲ. ಎತ್ತಿನ ಬೆನ್ನು ತಟ್ಟಿ ಸುಮ್ಮನೆ ನಗುತ್ತಿದ್ದ.

ನಾನು ಹತ್ತಿಯ ಬೀಜ ಬಿಡಿಸುವ ಜಿನ್ನಿನಲ್ಲಿ ಫಿಟ್ಟರ್. ಅಲ್ಲಿಯ ದೊಡ್ಡ ಇಂಜಿನ್ನು ನನ್ನ ಕೈಯಲ್ಲಿತ್ತು, ಬಿಡುವಾದಾಗ ಡಾಕ್ಟರಮ್ಮನ ಕಾರು. ಮೂವತ್ತು ದಾಟಿದ್ದರೂ ಮೂಗಿನ ತುದಿಯಲ್ಲೇ ಸಿಟ್ಟು. ಯಾರಾದರೂ ಗಾಣದವನ ಮಗ ಎಂದರೆ ಮೈಯೆಲ್ಲ ಉರಿಯುತ್ತಿತ್ತು, ಫಿಟ್ಟರ್ ಎನ್ನಬೇಕಿತ್ತು.

ಒಂದು ಬೇಸಿಗೆಯಲ್ಲಿ ಅಪ್ಪ ನಾಗಲದಿನ್ನೆಯ ತಂಗಿಯ ಮನೆಗೆ ಹೋದವನು ಹದಿನೈದು ದಿನವಾದರೂ ಬರಲಿಲ್ಲ. ಸೋಸಿಟ್ಟ ಎಣ್ಣೆ ಮುಗಿಯಿತು. ಕಾರಿನ ಅಳತೆಯ ಕಡ್ಡಿ ತೆಗೆದು ನೋಡಿದರೆ ಎಣ್ಣೆ ತುದಿಗೆ ಮಾತ್ರ ಅಂಟಿತ್ತು. ಜಿನ್ನಿನ ಇಂಜಿನ್ನಿಗೆ ತರಿಸುತ್ತಿದ್ದ ಡಬ್ಬಿ ಆಯಿಲ್ ಮನೆಯಲ್ಲೂ ಒಂದಿಷ್ಟಿತ್ತು. ನಮ್ಮ ಓಣಿಯಲ್ಲಿ ಶೇಂಗಾ ಎಣ್ಣೆ ಸಾಲದಿದ್ದರೆ ಕುಸುಬೆ ಎಣ್ಣೆ ಬೆರೆಸುವುದು ದಿನದ ಮಾತು, ಅದರಿಂದ ಯಾರ ಸಾರೂ ಕೆಟ್ಟಿರಲಿಲ್ಲ. ಎಣ್ಣೆಗೆ ಎಣ್ಣೆ ಸೇರದೆ ಇನ್ನೇನು ನೀರು ಸೇರುತ್ತದೆಯೇ ಎಂದುಕೊಂಡು, ಹಳೆಯದನ್ನು ಇಳಿಸದೆ ಅದರ ಮೇಲೇ ಸುರಿದೆ. ಫಿಟ್ಟರ್ ಅಲ್ಲವೇ, ಯಾರನ್ನು ಕೇಳಬೇಕು!

ಅಪ್ಪ ಊರಿಗೆ ಮರಳಿದ ಕೆಲವು ದಿನಕ್ಕೆ ಡಾಕ್ಟರಮ್ಮ ಒಂದು ಹೆರಿಗೆಗೆಂದು ಹೊರಟಿದ್ದಾಗ, ಗೋನೆಗಂಡ್ಲದ ದಾರಿಯಲ್ಲಿ ಕಾರಿನ ಎಣ್ಣೆಯ ಒತ್ತಡ ತೋರಿಸುವ ಮುಳ್ಳು ಸೊನ್ನೆಗೆ ಇಳಿಯಿತು. ಡಾಕ್ಟರಮ್ಮ ಜಾಣೆ, ತಕ್ಷಣ ಇಂಜಿನ್ ನಿಲ್ಲಿಸಿ, ಆ ಕಡೆಗೆ ಹೊರಟಿದ್ದ ಬಂಡಿ ಹತ್ತಿ ಹೆರಿಗೆಯ ಮನೆ ಸೇರಿದರು. ತಾಯಿ ಮಗು ಇಬ್ಬರೂ ಉಳಿದರು. ಕಾರನ್ನು ಮಾತ್ರ ಎತ್ತು ಕಟ್ಟಿ ಎಳೆದು ತಂದರು.

ಜಿನ್ನಿನ ಅಂಗಳದಲ್ಲಿ ಎಲ್ಲರೂ ಸುತ್ತ ನಿಂತಿರುವಾಗ ಇಂಜಿನ್ನಿನ ತಳ ಬಿಚ್ಚಿದೆ. ಒಳಗಿನ ಜರಡಿಗೆ ಪಾಕ ಮೀರಿದ ಬೆಲ್ಲದಂತೆ ಜಿಗುಟು ಕಟ್ಟಿತ್ತು. ಇದು ನಾನು ಬೆರೆಸಿದ ಆಯಿಲಿನದೇ ಕೆಲಸ ಎಂದು ನೋಡಿದ ಕೂಡಲೇ ನನಗೆ ತಿಳಿಯಿತು.

“ಏಮಯ್ಯಾ, ಏನಾತು? ಆಮುದಂ ಕೆಟ್ಟಿತ್ತಾ?” ಎಂದು ಡಾಕ್ಟರಮ್ಮ ತಮ್ಮ ತೆಲುಗು ಬೆರೆತ ಮಾತಿನಲ್ಲಿ ಕೇಳಿದರು. ಔಡಲೆಣ್ಣೆಗೆ ಅವರು ಆಮುದಂ ಎನ್ನುತ್ತಿದ್ದರು.

“ಹೌದ್ರಿ ಅಮ್ಮಾ. ನಮ್ಮಪ್ಪ ಸರಿಯಾಗಿ ಸೋಸಿದ್ದಿಲ್ಲ,” ಎಂದೆ.

ಅಷ್ಟು ಸಲೀಸಾಗಿ ಸುಳ್ಳು ಹೇಳಬಲ್ಲೆ ಎಂದು ನನಗೇ ಗೊತ್ತಿರಲಿಲ್ಲ. ಇಂದಿಗೂ ಆ ಮಾತು ನೆನಪಾದರೆ ನಾಚಿಕೆಯಾಗುತ್ತದೆ.

ಸಂಜೆಯೊಳಗೆ ಸುದ್ದಿ ಓಣಿ ಮುಟ್ಟಿತ್ತು. ಮರುದಿನ ಗಾಣದ ಮುಂದೆ ಒಬ್ಬರೂ ಇಲ್ಲ. ಅಪ್ಪ ಗಡಿಗೆಗಳನ್ನೆಲ್ಲ ಬರಿದು ಮಾಡಿ, ಬಿಸಿನೀರು ಸೀಗೆಪುಡಿ ಹಾಕಿ ತಿಕ್ಕಿದ. ಸೋಸುವ ಬಟ್ಟೆಯನ್ನು ಬೆಳಕಿಗೆ ಹಿಡಿದು ತೂತು ಹುಡುಕಿದ. ತನ್ನ ತಪ್ಪು ಎಲ್ಲಿದೆ ಎಂದು ಹುಡುಕುತ್ತಿದ್ದ. ನಾನು ಊಟದ ತಟ್ಟೆಯಿಂದ ತಲೆ ಎತ್ತಲಿಲ್ಲ.

ನಾಲ್ಕೈದು ದಿನ ಕಳೆದ ಮೇಲೆ ಕಿಟಕಿಯಲ್ಲಿ ಒಂದು ಗಾಜಿನ ಬಾಟಲಿ ಕಂಡಿತು. ಕೆಳಗೆ ಅಪ್ಪನ ತಿಳಿಹಳದಿ ಎಣ್ಣೆ, ಮೇಲೆ ನನ್ನ ಡಬ್ಬಿಯ ಕಂದು ಆಯಿಲ್, ನಡುವೆ ಎಳೆದಂಥ ಗೆರೆ. ಬಾಗಿಲ ಹಿಂದೆ ನಾನಿಟ್ಟಿದ್ದ ಡಬ್ಬಿ ಅವನ ಕಣ್ಣಿಗೆ ಬಿದ್ದಿತ್ತು.

“ಎರಡೂ ಚಲೋ ಎಣ್ಣೀನ ಅದಾವು ತಮ್ಮಾ,” ಎಂದ ಅಪ್ಪ. “ಒಂದಕ್ಕೊಂದು ಕೂಡಂಗಿಲ್ಲ, ಅಷ್ಟ.”

ಬೈದಿದ್ದರೆ ತಿರುಗಿ ಕೂಗಾಡಿ ಹಗುರಾಗುತ್ತಿದ್ದೆ. ಅವನು ಎತ್ತಿಗೆ ಹಿಂಡಿ ಹಾಕಲು ಹೋದ.

ಮಧ್ಯಾಹ್ನ ಬಾಟಲಿ ಹಿಡಿದು ದವಾಖಾನೆಗೆ ಹೋದೆ. ನಾನು ಬಾಯಿ ತೆರೆಯುವ ಮೊದಲೇ ಡಾಕ್ಟರಮ್ಮ ಹೇಳಿದರು: “ನಿನ್ನೆ ನಿಮ್ಮಪ್ಪ ಬಂದಿದ್ದ. ‘ತಪ್ಪು ನಂದೇರಿ, ಕಣ್ಣು ಮಂಜಾಗ್ಯಾವು, ಎಣ್ಣ್ಯಾಗಿನ ಕಸ ಕಾಣಲಿಲ್ಲ, ನನ್ನ ಮಗನ್ನ ಕೆಲಸದಿಂದ ಬಿಡಿಸಬ್ಯಾಡ್ರಿ’ ಅಂದ. ಕಣ್ಣು ಮಂಜು ಅಂದ್ರ ನಾನು ಬಿಡ್ತೀನಾ? ಕುಂದ್ರಿಸಿ ನೋಡಿದೆ. ಸೂಜಿಗೆ ದಾರ ಹಾಕೋ ಕಣ್ಣು ಅವು. ಈಗ ನೀನು ಹೇಳು.”

ಹೇಳಿದೆ. ಬಾಟಲಿ ಮೇಜಿನ ಮೇಲಿಟ್ಟು, ಅಳುತ್ತಲೇ ಎಲ್ಲ ಹೇಳಿದೆ.

“ಸರೇ. ಇದನ್ನ ನನ್ನೊಬ್ಬಾಕಿಗೆ ಹೇಳಿದ್ರ ಏನು ಬಂತು?” ಎಂದರು. “ಅವತ್ತು ಎಲ್ಲಿ ನಿಂತು ಹೇಳಿದ್ದಿ, ಅಲ್ಲೇ ನಿಂತು ಹೇಳು.”

ಜಿನ್ನಿನ ಕೆಲಸ ಬಿಡುವ ಹೊತ್ತಿಗೆ ಅಂಗಳದಲ್ಲಿ ಬಾಟಲಿ ಎತ್ತಿ ಹಿಡಿದು ಹೇಳಿದೆ. ಕೆಲವರು ನಕ್ಕರು, ಗಾಣದವನ ಮಗನಿಗೆ ಎಣ್ಣೆ ಗೊತ್ತಾಗಲಿಲ್ಲ ಎಂದರು. ಮೈ ಉರಿಯಲಿಲ್ಲ. ಇಂಜಿನ್ ಪೂರ್ತಿ ಬಿಚ್ಚಿ, ಒಂದೊಂದು ನಳಿಕೆಯನ್ನೂ ತೊಳೆದು, ಬರೀ ಅಪ್ಪನ ಎಣ್ಣೆ ತುಂಬಿದೆ. ಗಾಣಕ್ಕೆ ಜನ ನಿಧಾನವಾಗಿ ಮರಳಿದರು.

ಅಪ್ಪನಿಗೆ ಇದೆಲ್ಲ ತಿಳಿದಿರಲೇಬೇಕು. ಅಲ್ಲಿಂದ ಮುಂದೆ ಎಣ್ಣೆ ಸೋಸಿದಾಗಲೆಲ್ಲ ನನ್ನನ್ನು ಕರೆಯುತ್ತಿದ್ದ. ಬಾಟಲಿಯನ್ನು ನನ್ನ ಕೈಗೇ ಕೊಟ್ಟು, “ನನಗ ಕಣ್ಣು ಮಂಜು. ತಿಳಿ ಐತೇನು, ನೀನ ನೋಡಿ ಹೇಳು,” ಎನ್ನುತ್ತಿದ್ದ.

ನಾನು ಬಿಸಿಲಿಗೆ ಹಿಡಿದು, ಚೆನ್ನಾಗಿ ನೋಡಿ, “ತಿಳಿ ಐತಿ ಅಪ್ಪಾ,” ಎನ್ನುತ್ತಿದ್ದೆ. ಆಮೇಲೆಯೇ ಅವನು ಬಿರಡೆ ಹಾಕುತ್ತಿದ್ದ.